ಅಕ್ಕ ಅಲ್ಲ, ಅಪ್ಪ

ಸಿಂದಗಿಯ ಪ್ರೆಸ್ಸು ಮುಚ್ಚಿದಾಗ ನನ್ನ ಮಗನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಮಗಳು ಮೂರು ದಾಟಿದ್ದಳು. ಆ ಪ್ರೆಸ್ಸಿನಲ್ಲಿ ನಾನು ಕಂಪ್ಯೂಟರ್ ಮುಂದೆ ಕೂತು ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಬೀಜದಂಗಡಿಯ ಹ್ಯಾಂಡ್‌ಬಿಲ್ಲು ಎಲ್ಲವನ್ನೂ ಕನ್ನಡದಲ್ಲಿ ಟೈಪು ಮಾಡುತ್ತಿದ್ದೆ. ಮಾಲೀಕರು ತೀರಿಕೊಂಡ ಮೇಲೆ ಅವರ ಅಳಿಯ ಮಷೀನು ಮಾರಿ, ಅದೇ ಜಾಗದಲ್ಲಿ ಮೊಬೈಲಿನ ಅಂಗಡಿ ಇಟ್ಟ. ನನಗೊಂದು ಶಾಲು ಹೊದಿಸಿ ಕಳಿಸಿದ. ಅದೇ ಹೊತ್ತಿಗೆ ನನ್ನ ಹೆಂಡತಿಯ ಹೆರಿಗೆ ರಜೆ ಮುಗಿಯಿತು. ಆಕೆ ಸರ್ಕಾರಿ ನೌಕರಿಯ ನರ್ಸ್. ಮುದ್ದೇಬಿಹಾಳಕ್ಕೆ ವರ್ಗವಾಗಿತ್ತು. ಸಾಮಾನು ಒಂದು ಟೆಂಪೋದಲ್ಲಿ ಹೇರಿಕೊಂಡು, ಮಗನ ತೊಟ್ಟಿಲನ್ನು ಎಲ್ಲದರ ಮೇಲೆ ಕಟ್ಟಿ, ನಾವು ಮುದ್ದೇಬಿಹಾಳದ ಬಾಡಿಗೆ ಮನೆಗೆ ಬಂದೆವು.

ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎನ್ನುವ ಮಾತು ಸಾಮಾನು ಇಳಿಸುವ ಮೊದಲೇ ಶುರುವಾಗಿತ್ತು. ಅತ್ತೆಯವರು ಬಸವನ ಬಾಗೇವಾಡಿಯಲ್ಲಿ ಇದ್ದರು, ಮೊಣಕಾಲು ನೋವು, ಕೂತರೆ ಏಳಲು ಇನ್ನೊಬ್ಬರು ಕೈ ಕೊಡಬೇಕು. ನನ್ನ ಅವ್ವ ಇಂಡಿಯಲ್ಲಿ ಅಣ್ಣನ ಜೊತೆ. ಅಲ್ಲಿ ಲಿಂಬಿ ತೋಟ, ಆಳುಗಳ ಬುತ್ತಿ, ಅಣ್ಣನ ಮಕ್ಕಳು, ಅವ್ವ ಒಂದು ವಾರ ಇಲ್ಲವೆಂದರೆ ಆ ಮನೆ ನಿಂತುಬಿಡುತ್ತಿತ್ತು.

"ನಿಮಗೊಂದು ಕೆಲಸ ಸಿಗೂತನ ನೀವ ನೋಡ್ಕೋರಿ," ಅಂದಳು ಹೆಂಡತಿ.

"ಆತು," ಅಂದೆ. ಸ್ವಲ್ಪ ದಿನದ ಮಾತು ಅಂತ ಇಬ್ಬರೂ ತಿಳಿದಿದ್ದೆವು.

ಕೆಲಸ ಸಿಗಲಿಲ್ಲ. ಊರಲ್ಲಿದ್ದ ಟೈಪಿಂಗ್ ಅಂಗಡಿಗಳಲ್ಲಿ ಮಾಲೀಕರ ತಮ್ಮನೋ ಮಗನೋ ಆಗಲೇ ಕೂತಿರುತ್ತಿದ್ದ. ಎ.ಪಿ.ಎಂ.ಸಿ. ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಕೇಳಲು ಹೋದಾಗ ಮಗ ಸೊಂಟದ ಮೇಲಿದ್ದ, ಮಗಳು ನನ್ನ ಪ್ಯಾಂಟು ಹಿಡಿದಿದ್ದಳು. ದಲಾಲರು ತೊಗರಿಯ ಸ್ಯಾಂಪಲ್ಲನ್ನು ಅಂಗೈಯಲ್ಲಿ ಉರುಳಿಸುತ್ತ ನನ್ನನ್ನೂ ಮಕ್ಕಳನ್ನೂ ನೋಡಿ, "ಇವನ್ನ ಎಲ್ಲಿ ಇಡ್ತೀರಿ ತಮ್ಮಾ?" ಅಂದರು. ಬೈಗುಳ ಅಲ್ಲ, ನಿಜವಾಗಿಯೂ ಕೇಳಿದ್ದು. ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊರಗೆ ಬಂದೆ.

ಹಾಗೆ ನಾನು ಮನೆಯಲ್ಲಿ ಉಳಿದೆ. ಹಾಲು ಕಾಯಿಸುವುದು, ಬಾಟಲಿ ಕುದಿಸುವುದು, ಒದ್ದೆ ಬಟ್ಟೆ ಒಗೆಯುವುದು, ನಳ ಬಂದಾಗ ಕೊಡ ತುಂಬುವುದು. ನಳದ ಹತ್ತಿರದ ಹೆಣ್ಣುಮಕ್ಕಳು ಮೊದಮೊದಲು ನಾನು ಬಂದರೆ ಸೆರಗು ಸರಿ ಮಾಡಿಕೊಂಡು ದೂರ ಸರಿಯುತ್ತಿದ್ದರು. ಆಮೇಲೆ ರೂಢಿಯಾಗಿ, "ಸರ, ನಿಮ್ಮ ಪಾಳಿ ಬಂತು ನೋಡ್ರಿ" ಅಂತ ಕೂಗುತ್ತಿದ್ದರು. ಗಂಡಸರಿಗೆ ಮಾತ್ರ ರೂಢಿಯಾಗಲಿಲ್ಲ. ಓಣಿಯ ಮೂಲೆಯ ಚಾದಂಗಡಿಯಲ್ಲಿ ನಾನು ಹೋಗಿ ನಿಂತರೆ ಮಾತು ನಿಲ್ಲುತ್ತಿತ್ತು. ಯಾರೋ ಒಬ್ಬರು, "ಏನ್ರಿ, ಮೇಡಮ್ಮಾರು ಡ್ಯೂಟಿಗೆ ಹೋದ್ರೇನು?" ಅನ್ನುತ್ತಿದ್ದರು. ಪ್ರತಿ ಸಲವೂ ಅದೇ ಪ್ರಶ್ನೆ, ಪ್ರತಿ ಸಲವೂ ಅದೇ ನಗು.

ಹೆಂಡತಿಯ ಕಷ್ಟ ಬೇರೆ ಇತ್ತು. ಮೊದಲ ತಿಂಗಳುಗಳಲ್ಲಿ ಆಕೆ ಡ್ಯೂಟಿ ಮುಗಿಸಿ ಬರುವಾಗ ಎದೆಯಲ್ಲಿ ಹಾಲು ಕಟ್ಟಿಕೊಂಡು, ಕುಪ್ಪಸ ಒದ್ದೆಯಾಗಿ, ಅದು ಕಾಣಬಾರದೆಂದು ಬ್ಯಾಗನ್ನು ಮುಂದೆ ಹಿಡಿದುಕೊಂಡು ಓಡೋಡಿ ಬರುತ್ತಿದ್ದಳು. ಅಷ್ಟರಲ್ಲಿ ಮಗ ಅತ್ತು ಅತ್ತು ನನ್ನ ಕೈಯಿಂದ ಬಾಟಲಿ ಹಾಲು ಕುಡಿದು ಮಲಗಿರುತ್ತಿದ್ದ. ಆಕೆ ಚಪ್ಪಲಿ ಬಿಡದೆ ತೊಟ್ಟಿಲ ಹತ್ತಿರ ನಿಂತು ನೋಡುತ್ತಿದ್ದಳು. "ಎಬ್ಬಸ್ಲೇನು?" ಅಂತ ನಾನು ಕೇಳಿದರೆ, "ಬ್ಯಾಡ, ಮಲಗ್ಲಿ" ಅಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೆಲವು ವಾರಗಳಲ್ಲಿ ಆಕೆಯ ಹಾಲು ನಿಂತಿತು.

ಒಂದು ಸಲ ಅವ್ವ ಇಂಡಿಯಿಂದ ಒಂದು ಚೀಲ ಲಿಂಬಿಹಣ್ಣು ಹೊತ್ತುಕೊಂಡು ಬಂದಳು. ನಾನು ಹಿತ್ತಲಲ್ಲಿ ಕೂಸಿನ ಲಂಗೋಟಿ ಒಗೆಯುತ್ತಿದ್ದೆ. ಅವ್ವ ಚೀಲ ಇಳಿಸದೆ ನಿಂತಳು. "ನಿಮ್ಮಪ್ಪ ಒಂದ ದಿನಾನೂ ಒಂದು ತಂಬಿಗಿ ತೊಳದವರಲ್ಲ," ಅಂದಳು. ಚಾ ಕುಡಿದಳು, ಮೊಮ್ಮಗನನ್ನು ಎತ್ತಿಕೊಂಡಳು, ನಾಲ್ಕು ದಿನ ಇರುತ್ತೇನೆಂದು ಬಂದವಳು ಮಧ್ಯಾಹ್ನದ ಬಸ್ಸಿಗೇ ಹೊರಟಳು. ಬಸ್ಸಿನ ಕಿಟಕಿಯಿಂದ ನನ್ನ ತಲೆ ಮುಟ್ಟಿ, "ಬ್ಯಾಸರಾ ಮಾಡ್ಕೋಬ್ಯಾಡ," ಅಂದಳು. ಬೇಸರ ಆಕೆಗೇ ಆಗಿತ್ತು.

ಆ ಲಿಂಬಿಹಣ್ಣಿನಿಂದಲೇ ಕೇಕು ಶುರುವಾಯಿತು. ಸಿಂದಗಿಯಲ್ಲಿದ್ದಾಗ ಒಂದು ಮಹಿಳಾ ಮಂಡಳದ ಅಡುಗೆಯ ಕಿರುಹೊತ್ತಿಗೆ ನಮ್ಮ ಪ್ರೆಸ್ಸಿಗೆ ಬಂದಿತ್ತು. ನಾನೇ ಟೈಪು ಮಾಡಿ, ಆ ಹೆಣ್ಣುಮಕ್ಕಳ ತಿದ್ದುಪಡಿಗಳನ್ನೆಲ್ಲ ಮತ್ತೆ ಮತ್ತೆ ಕೂಡಿಸಿ ಕೊಟ್ಟಿದ್ದೆ. ಅದರಲ್ಲಿ ಕುಕ್ಕರಿನಲ್ಲಿ ಉಸುಕು ಹಾಕಿ, ಮೊಟ್ಟೆ ಇಲ್ಲದೆ ಮೊಸರು ಸೋಡಾದಿಂದ ಕೇಕು ಮಾಡುವ ರೀತಿ ಇತ್ತು. ತಿದ್ದಿ ತಿದ್ದಿ ಅದು ನನಗೆ ಬಾಯಿಪಾಠ ಆಗಿತ್ತು. ಚೀಲದ ತುಂಬ ಲಿಂಬಿ, ಹೊರಗೆ ಉರಿಬಿಸಿಲು, ಮಗಳಿಗೆ ಮಾಡಲು ಏನೂ ಇಲ್ಲ. "ಕೇಕ್ ಮಾಡೂಣೇನು?" ಅಂದೆ. ಮಗಳು ಕೇಕು ಅಂತ ಕಂಡದ್ದು ಅದೇ ಮಂಡಳದವರು ಕೊಟ್ಟಿದ್ದ ಒಂದು ತುಂಡು ಮಾತ್ರ. ಆದರೂ ಎದ್ದು ಕುಣಿದಳು.

ಮೊದಲನೆಯದು ಇಟ್ಟಿಗೆಯಾಯಿತು. ಎರಡನೆಯದು ನಡುವೆ ಕುಸಿಯಿತು. ಆಮೇಲಾಮೇಲೆ ಕೈ ಕೂತಿತು. ಹೊಳೆಯ ಉಸುಕನ್ನು ತೊಳೆದು ಬಿಸಿಲಿಗೆ ಒಣಗಿಸಿ ಕುಕ್ಕರಿನ ತಳಕ್ಕೆ ಹರಡುವುದು, ಸೀಟಿಯನ್ನೂ ರಬ್ಬರನ್ನೂ ತೆಗೆದಿಡುವುದು, ಸಣ್ಣ ಉರಿಯ ಮೇಲೆ ಕಾಯುವುದು. ಮೈದಾ ಜರಡಿ ಹಿಡಿಯುವುದು ಮಗಳ ಪಾಲು. ಅಂಬೆಗಾಲಿಡುತ್ತಿದ್ದ ಮಗ ನೆಲದ ಮೇಲೆ ಉದುರಿದ ಹಿಟ್ಟಿಗೆ ಪಟಪಟ ಬಡಿದು ಮೂಗು, ಹುಬ್ಬು ಎಲ್ಲ ಬೆಳ್ಳಗೆ ಮಾಡಿಕೊಳ್ಳುತ್ತಿದ್ದ. ಲಿಂಬಿಯ ಸಿಪ್ಪೆ ತುರಿದರೆ ಅಡುಗೆಮನೆಯ ಕಾವಿನಲ್ಲಿ ಆ ವಾಸನೆ ಎದ್ದು ಮನೆ ತುಂಬುತ್ತಿತ್ತು. ಆ ವರ್ಷಗಳಲ್ಲಿ ನಾನು ನಕ್ಕಿದ್ದು ಹೆಚ್ಚಾಗಿ ಅಲ್ಲಿಯೇ, ಆ ನೆಲದ ಮೇಲೆ, ಹಿಟ್ಟಿನ ನಡುವೆ.

ಬ್ಲಾಗ್ ಅನ್ನುವ ಶಬ್ದ ನನಗೆ ಹೇಳಿಕೊಟ್ಟವನು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಸೈಬರ್ ಕೆಫೆ ಇಟ್ಟಿದ್ದ ಗೆಳೆಯ. ಕೆಲಸದ ಅರ್ಜಿ ಕಳಿಸಲೆಂದು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ನನ್ನ ಕನ್ನಡ ಟೈಪಿಂಗಿನ ವೇಗ ನೋಡಿ, "ನೀವೊಂದು ಬ್ಲಾಗ್ ಬರೀರಲ್ಲ, ಈಗೆಲ್ಲಾ ಬರಿಯಾಕತ್ತಾರ," ಅಂದ. ಏನು ಬರೆಯಲಿ ಅಂದರೆ, ಮಗಳ ಕೈಯಲ್ಲಿದ್ದ ಕೇಕಿನ ತುಂಡನ್ನು ತೋರಿಸಿ, "ಇದನ್ನ ಬರೀರಿ," ಅಂದ. ತನ್ನ ಡಿಜಿಟಲ್ ಕ್ಯಾಮೆರಾ ಎರವು ಕೊಟ್ಟ. ಲೈಟು ಇದ್ದ ದಿನ ಮಧ್ಯಾಹ್ನ ನಾನು ಆ ಪರದೆ ಕಟ್ಟಿದ ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೆ. ಮಗ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ, ಮಗಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಅರ್ಧ ಬರೆದಾಗ ಕರೆಂಟು ಹೋದರೆ ಬರೆದದ್ದೆಲ್ಲ ಮಾಯ. ಮತ್ತೆ ಮರುದಿನ.

ಮಾಡುವ ರೀತಿಗಿಂತ ಹೆಚ್ಚಾಗಿ ನಾನು ಬರೆದದ್ದು ಅದರ ಸುತ್ತಲಿನ ಗದ್ದಲವನ್ನು. ಮಗ ಮೊಸರಿನ ಗಿಂಡಿ ಮಗುಚಿದ್ದು, ಮಗಳು ಸಕ್ಕರೆಯ ಬದಲು ಉಪ್ಪು ಸುರಿದದ್ದು, ಬಾಟಲಿಯ ಹಾಲು ಉಕ್ಕುವಾಗಲೇ ಕೇಕು ಹೊತ್ತಿದ್ದು. ಓದುವವರು ಬಂದರು. ಮೈಸೂರಿನಿಂದ, ಮುಂಬೈನಿಂದ, ಎಲ್ಲಿಂದಲೋ. ಅವರ ಮೊದಲ ಮಾತೇ "ಅಕ್ಕಾ." ಅಕ್ಕಾ ಎಷ್ಟು ಚೆಂದ ಬರೆಯುತ್ತೀರಿ, ಅಕ್ಕಾ ನನ್ನ ಮಗನೂ ಹೀಗೆಯೇ, ಅಕ್ಕಾ ನಿಮಗೆ ಇಷ್ಟೆಲ್ಲ ತಾಳ್ಮೆ ಎಲ್ಲಿಂದ. ಕನ್ನಡದಲ್ಲಿ ಮಾಡಿದೆ, ತೊಳೆದೆ, ಉಣಿಸಿದೆ ಅಂತ ಬರೆದರೆ ಬರೆದವರು ಗಂಡಸೋ ಹೆಂಗಸೋ ತಿಳಿಯುವುದಿಲ್ಲ. ಅವರು ತಮಗೆ ತಿಳಿದಂತೆ ತಿಳಿದುಕೊಂಡಿದ್ದರು. ಮೊದಲ "ಅಕ್ಕಾ" ಬಂದ ದಿನವೇ ನಾನು ಉತ್ತರ ಬರೆದೆ: ನಾನು ಅಕ್ಕ ಅಲ್ಲ, ಈ ಮಕ್ಕಳ ಅಪ್ಪ. ಅದಕ್ಕೆ ಒಬ್ಬಾಕೆ, "ಅಕ್ಕನಿಗೆ ತಮಾಷೆ ಜಾಸ್ತಿ" ಅಂತ ಬರೆದಳು. ಇನ್ನೂ ಎರಡು ಸಲ ಹೇಳಿ ನೋಡಿದೆ. ನಂಬಿದವರು ಕಡಿಮೆ.

ಹೆಂಡತಿಗೆ ಬ್ಲಾಗಿನ ವಿಷಯ ಗೊತ್ತಿತ್ತು. "ನನ್ನ ಸುದ್ದಿ ಅದರಾಗ ಬರಿಬ್ಯಾಡ್ರಿ, ನಾ ಸರ್ಕಾರಿ ನೌಕರಿಯಾಕಿ" ಅಂತ ಮೊದಲೇ ಹೇಳಿದ್ದಳು. ನಾನು ಬರೆಯಲಿಲ್ಲ. ಓದಲು ಆಕೆಗೆ ಹೊತ್ತು ಇರಲಿಲ್ಲ. ಹೆರಿಗೆ ವಾರ್ಡಿನಲ್ಲಿ ನಿಂತು ನಿಂತು ಕಾಲು ಬಾತುಕೊಳ್ಳುತ್ತಿತ್ತು. ಮನೆಗೆ ಬಂದು ಕೇಕಿನ ತುಂಡನ್ನು ಬಾಯಿಗೆ ಹಾಕಿಕೊಂಡು, "ಚಲೋ ಆಗೇತಿ" ಅಂದು ಕಾಲು ಚಾಚುತ್ತಿದ್ದಳು. ಮಗ ಅಷ್ಟರಲ್ಲಿ ನಡೆಯಲು ಕಲಿತಿದ್ದ. ಆಕೆ ಕೈ ಚಾಚಿದರೆ ಒಂದು ಗಳಿಗೆ ಹೋಗಿ, ಮತ್ತೆ ನನ್ನ ಕಡೆ ತಿರುಗುತ್ತಿದ್ದ.

ಒಂದು ದಿನ ಬೆಂಗಳೂರಿನಿಂದ ಫೋನು ಬಂತು. ಆಗ ನನ್ನ ಹತ್ತಿರ ಸಣ್ಣದೊಂದು ಮೊಬೈಲು ಇತ್ತು. ಹೊಸದಾಗಿ ಕನ್ನಡದ ವೆಬ್‌ಸೈಟು ಶುರು ಮಾಡುತ್ತಿದ್ದ ಒಬ್ಬ ಮಹಿಳೆ. ಹಿಂದಿನ ವಾರ ಮಿಂಚಂಚೆಯಲ್ಲಿ ನಂಬರು ಕೇಳಿದ್ದರು, ಕೊಟ್ಟಿದ್ದೆ.

"ನಮಸ್ಕಾರ, ಮೇಡಂ ಇದ್ದಾರಾ?"

"ಯಾವ ಮೇಡಂ ರೀ?"

"ಕೇಕ್ ಬಗ್ಗೆ ಬ್ಲಾಗ್ ಬರೀತಾರಲ್ಲ, ಅವರು."

"ಅದು ನಾನೇರಿ."

ಆ ಕಡೆ ಯಾರಿಗೋ ಏನೋ ಪಿಸುಗುಟ್ಟಿದರು. ಆಮೇಲೆ ನಗು. "ಸಾರಿ ಸರ್, ನಾವೆಲ್ಲ ಆಫೀಸಲ್ಲಿ..." ಅಂದು ನಿಲ್ಲಿಸಿದರು. ನಾಳೆ ಮತ್ತೆ ಮಾಡುತ್ತೇನೆಂದು ಇಟ್ಟರು.

ಮರುದಿನ ಮಾಡಿದರು. ಒಳ್ಳೆಯ ಹೆಂಗಸು, ಮಾತಿನಲ್ಲಿ ಕಪಟ ಇರಲಿಲ್ಲ. ಅವರ ವೆಬ್‌ಸೈಟಿನಲ್ಲಿ "ತಾಯಂದಿರ ಪುಟ" ಅಂತ ಒಂದು ವಿಭಾಗ ಮಾಡುತ್ತಿದ್ದರು. ವಾರಕ್ಕೊಂದು ಬರಹ, ತಿಂಗಳಿಗೊಂದು ಸಂಬಳದ ಹಾಗೆ ಹಣ. ಓವನ್ ತಯಾರಿಸುವ ಒಂದು ಕಂಪನಿಯವರು ಆ ಪುಟಕ್ಕೆ ಜಾಹೀರಾತು ಕೊಡುವವರಿದ್ದರು. ನನಗೊಂದು ಕರೆಂಟಿನ ಓವನ್ನನ್ನೂ ಕಳಿಸುತ್ತಾರೆ. ಬರಹ ನನ್ನದೇ ಬೇಕು, ಈ ಭಾಷೆಯೇ ಬೇಕು. "ಆದರೆ ಸರ್, ಹೆಸರು ಮತ್ತೆ ಫೋಟೋ ನಿಮ್ಮ ಮಿಸೆಸ್ಸದು ಹಾಕೋಣ. ಜಾಹೀರಾತಿನವರು ತಾಯಿ ಬೇಕು ಅಂತಾರೆ. ಇಬ್ಬರೂ ಒಂದೇ ಮನೆಯವರೇ ಅಲ್ಲವಾ?"

ಕೇಳಿ ಹೇಳುತ್ತೇನೆ ಅಂದೆ. ಫೋನು ಇಟ್ಟ ಮೇಲೆ ಮಗಳನ್ನು ಎತ್ತಿ ತಿರುಗಿಸಿದೆ. ಪ್ರೆಸ್ಸು ಮುಚ್ಚಿದ ಮೇಲೆ ಯಾರಾದರೂ ನನಗೆ ಕೆಲಸ ಕೊಡುತ್ತೇನೆ ಅಂದದ್ದು ಅದೇ ಮೊದಲು. ಚಾದಂಗಡಿಯವರ ಮುಂದೆ ಹೇಳಲು ಒಂದು ಮಾತು ಸಿಕ್ಕಿತ್ತು. ಹೆಸರು ಯಾರದಾದರೇನು ಅನ್ನಿಸಿತು.

ಆ ದಿನ ಹೆಂಡತಿ ಬೇಗ ಬಂದಿದ್ದಳು. ಬಾಗಿಲಲ್ಲೇ ಹೇಳಿದೆ. ಆಕೆಗೂ ಮೊದಲು ಖುಷಿಯಾಯಿತು, ಮುಖದಲ್ಲಿ ಕಂಡಿತು. ಹೆಸರು, ಫೋಟೋದ ಮಾತು ಬಂದಾಗ ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟಳು.

"ಏನು ಬರದೀರಿ, ನೋಡೂಣು. ತೊಗೊಂಡು ಬರ್ರಿ."

ಸೈಬರಿನವನಿಂದ ಪ್ರಿಂಟು ತೆಗೆಸಿ ತಂದೆ. ರವಿವಾರ ಆಕೆ ಹೊಸ್ತಿಲ ಹತ್ತಿರ ಬೆಳಕಿಗೆ ಕೂತು ಓದಿದಳು. ಉಪ್ಪಿನ ಕೇಕಿನ ಕಡೆ ಬಂದಾಗ ನಕ್ಕಳು. ಆಮೇಲೆ ನಗಲಿಲ್ಲ. ಓದುಗರ ಮಾತುಗಳನ್ನು ಓದುವಾಗ ಬೆರಳು ಇಟ್ಟು ಇಟ್ಟು ಓದಿದಳು, ದವಾಖಾನೆಯಲ್ಲಿ ಕೇಸ್ ಪೇಪರು ಓದುವ ಹಾಗೆ. ಅಕ್ಕಾ, ನಿಮ್ಮಂಥ ತಾಯಿ ಸಿಕ್ಕ ಮಕ್ಕಳು ಪುಣ್ಯವಂತರು. ಅಕ್ಕಾ, ನೌಕರಿ ಅಂತ ಓಡುವ ನಾವೆಲ್ಲ ನಿಮ್ಮನ್ನು ನೋಡಿ ಕಲಿಯಬೇಕು.

"ನಾ ಒಲ್ಲೆ," ಅಂದಳು.

"ಬರೇ ಹೆಸರದು. ಬರಿಯೂದು ನಾನ, ಮಾಡೂದು ನಾನ. ನಿನಗೇನೂ ತ್ರಾಸಿಲ್ಲ."

"ಅದಕ್ಕ ಒಲ್ಲೆ ಅನ್ನಾಕತ್ತೇನಿ. ಕೇಕು ನೀವು ಮಾಡ್ತೀರಿ. ಮಕ್ಕಳ ಕುಂಡಿ ನೀವು ತೊಳೀತೀರಿ. ಬರಿಯೂದೂ ನೀವು. ಫೋಟೋದಾಗ ನಿಂತು ನಾ ನಗಬೇಕೇನು?"

"ಹಂಗಲ್ಲ..."

"ವಾರ್ಡಿನ್ಯಾಗ ಹಡದ ಹೆಣ್ಮಕ್ಕಳು ಕೇಳ್ತಾರ, ಸಿಸ್ಟರ್ ನಿಮ್ಮ ಮಕ್ಕಳನ್ನ ಯಾರು ನೋಡ್ತಾರ್ರಿ ಅಂತ. ಅವರಪ್ಪ ಅಂತೇನಿ. ಅಯ್ಯೋ ಅಂತಾರ. ನಿಮ್ಮ ಬಗ್ಗೆ ಅಯ್ಯೋ ಅಲ್ಲ, ನನ್ನ ಬಗ್ಗೆ. ದಿನಾ ಬ್ಯಾರೆಯವರ ಕೂಸು ಒರಸಿ ಅವರವ್ವನ ಎದಿಗೆ ಹಚ್ಚಿ ಬರ್ತೇನಿ. ಮನಿಗೆ ಬಂದ್ರ ನನ್ನ ಕೂಸು ನಿಮ್ಮ ಹೆಗಲು ಬಿಟ್ಟು ಬರಂಗಿಲ್ಲ. ಅದನ್ನ ಹ್ಯಾಂಗೋ ತಡಕೊಂಡೇನಿ. ಈಗ ಈ ಸುಳ್ಳು ತಾಯಿ ಆಗು ಅಂದ್ರ ಆಗೂದಿಲ್ಲರಿ ನನ್ನ ಕಡಿಂದ."

ನನಗೆ ಸಿಟ್ಟು ಬಂತು. ಎಷ್ಟು ದಿನ ನಾನು ಹೀಗೆ ಕೂರಬೇಕು, ಓಣಿಯಲ್ಲಿ ತಲೆ ಎತ್ತಲು ನನಗೂ ಒಂದು ದಾರಿ ಬೇಡವೇ ಅಂದೆ. ನಿಮಗೆ ಬೇಕಾದ್ದು ಕೇಳ್ರಿ, ನನ್ನ ಹೆಸರು, ನನ್ನ ಮಾರಿ ಮಾತ್ರ ಕೇಳಬ್ಯಾಡ್ರಿ ಅಂದಳು. ದನಿ ಏರಿತು. ಮಗಳು ಜರಡಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಮಗ ಅಳಲು ಶುರು ಮಾಡಿ ನನ್ನ ಕಡೆಗೇ ಓಡಿ ಬಂದ. ಅವನು ಆ ಹೊತ್ತಿನಲ್ಲಿ ಬರಬಾರದಿತ್ತು.

ಆ ವಾರ ಆಕೆ ರಜೆ ಹಾಕಿ ಮಕ್ಕಳನ್ನು ಕರೆದುಕೊಂಡು ಬಸವನ ಬಾಗೇವಾಡಿಗೆ, ತವರಿಗೆ ಹೋದಳು. ಅತ್ತೆಯವರ ಕಾಲು ನೋವಿನ ನೆಪ. ಹೋಗುವಾಗ, "ಒಂದು ವಾರ ನನ್ನ ಕೂಡ ಇರ್ಲಿ," ಅಂದಳಷ್ಟೇ. ಬಸ್ಸಿಗೆ ನಾನೇ ಹತ್ತಿಸಿದೆ. ಮಗ ಕಿಟಕಿಯಿಂದ ಎರಡೂ ಕೈ ಚಾಚಿ ಚೀರುತ್ತಿದ್ದ. ಬಸ್ಸು ತಿರುವು ದಾಟುವ ತನಕ ಆ ದನಿ ಕೇಳಿಸಿತು.

ಖಾಲಿ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದು ಕೇಕು ಮಾಡಿದೆ. ಚೆನ್ನಾಗಿ ಉಬ್ಬಿತ್ತು. ತಿನ್ನಲು ಯಾರೂ ಇಲ್ಲದೆ ಇರುವೆ ಮುತ್ತಿತು. ಬೆಂಗಳೂರಿನಿಂದ ಫೋನು ಬಂದರೆ ಎತ್ತಲಿಲ್ಲ. ಇಂಡಿಗೆ ಹೋದೆ. ಅಣ್ಣ ತೋಟದಲ್ಲಿ ಲಿಂಬಿ ಚೀಲಕ್ಕೆ ಹೊಲಿಗೆ ಹಾಕಿಸುತ್ತಿದ್ದ. ನಡೆದದ್ದನ್ನು ಕೇಳಿ, "ಇಷ್ಟಕ್ಕ ಯಾಕ ಜಗಳಾ? ಹೆಸರು ಹಾಕಿ ಮುಗಸಿಬಿಡು, ಅಕಿಗೇನು ಗೊತ್ತಾಕ್ಕೇತಿ," ಅಂದ. ಅವ್ವ ಅಲ್ಲೇ ಕೂತು ಕಾಯಿ ಬೇರೆ ಹಣ್ಣು ಬೇರೆ ಮಾಡುತ್ತಿದ್ದಳು. ಈ ಇಂಟರ್ನೆಟ್ಟು, ಬ್ಲಾಗು ಆಕೆಗೆ ಏನೂ ತಿಳಿಯದು.

"ಅಕಿ ಏನಂದ್ಲು?" ಅಂದಳು.

"ಒಲ್ಲೆ ಅಂದ್ಲು."

"ಮತ್ತ ಇಲ್ಲಿತನ ಏನು ಕೇಳಾಕ ಬಂದಿ?"

ಅಷ್ಟೇ ಅಂದು ಲಿಂಬಿ ಆರಿಸತೊಡಗಿದಳು. ನನ್ನ ಲಂಗೋಟಿ ಒಗೆತ ನೋಡಿ ಬಸ್ಸು ಹತ್ತಿದವಳು ಸೊಸೆಯ ಕಡೆ ನಿಲ್ಲುತ್ತಾಳೆಂದು ನಾನು ಎಣಿಸಿರಲಿಲ್ಲ. ಮರುದಿನ ಬೆಳಿಗ್ಗೆ ಬಿಜಾಪುರದ ಮೇಲೆ ಬಸವನ ಬಾಗೇವಾಡಿಗೆ ಹೊರಟೆ.

ಅತ್ತೆಯವರ ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಹೆಂಡತಿ ಮಗನನ್ನು ಮುಂದೆ ಕೂರಿಸಿಕೊಂಡು ಅನ್ನ ಹಾಲು ಕಲಸಿ ತಿನ್ನಿಸುತ್ತಿದ್ದಳು. ಅವನ ಮುಖ ಇಳಿದಿತ್ತು. ಬಾಯಿ ತೆರೆಯಲು ಒಲ್ಲೆನೆಂದು ತಲೆ ತಿರುಗಿಸುತ್ತಿದ್ದ. ಆಕೆ ಕಾಗೆ ಗುಬ್ಬಿಯ ಕತೆ ಹೇಳುತ್ತಿದ್ದಳು, ದನಿ ದಣಿದಿತ್ತು. ನನ್ನ ನೆರಳು ಕಂಡು ಮಗ ಹೊರಳಿ ನೋಡಿದ. ತಟ್ಟೆಯನ್ನು ತಳ್ಳಿ, ಆಕೆಯ ಕೈಯನ್ನು ಎರಡೂ ಕೈಯಿಂದ ನೂಕಿ, ಎಡವುತ್ತ ಓಡಿ ಬಂದು ನನ್ನ ಕಾಲು ಅಪ್ಪಿಕೊಂಡ. ಅವನ ಕೈಯ ಅನ್ನ ನನ್ನ ಪ್ಯಾಂಟಿಗೆ ಮೆತ್ತಿತು.

"ವಾರಾ ಆತು, ಅಪ್ಪಾ ಅಪ್ಪಾ ಅಂತ ಬಾಗಲಾ ಕಾಯಾಕತ್ತಾನ," ಅಂದರು ಅತ್ತೆ, ಒಳಗಿನಿಂದ. ಅವರಿಗೆ ಅದು ಹೇಳಿ ಸಂತೋಷಪಡುವ ಮಾತು.

ಹೆಂಡತಿ ನೆಲದ ಮೇಲೆ ಚೆಲ್ಲಿದ ಅನ್ನವನ್ನು ಕೂಡಿಸಿ ತಟ್ಟೆಗೆ ಹಾಕಿದಳು. ನಾನು ಮಗನನ್ನು ಎತ್ತಿ ಆಕೆಯ ಹತ್ತಿರ ಒಯ್ದೆ. ಅವನು ನನ್ನ ಕುತ್ತಿಗೆ ಬಿಗಿದು ಹಿಡಿದು ಚೀರಿದ. ಬಿಡಿಸಲು ನೋಡಿದೆ. "ಬಿಡ್ರಿ," ಅಂದಳು. "ಜುಲುಮಿ ಮಾಡಬ್ಯಾಡ್ರಿ." ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ಬಹಳ ಹೊತ್ತು ನೀರು ಸುರಿಯುವ ಸಪ್ಪಳ ಬಂತು, ಒಂದು ತಟ್ಟೆ ತೊಳೆಯಲು ಅಷ್ಟು ನೀರು ಬೇಕಿರಲಿಲ್ಲ. ಆ ವಾರ ಮಗ ತನ್ನವನಾಗುತ್ತಾನೆಂದು ಆಕೆ ನಂಬಿಕೊಂಡು ಬಂದಿದ್ದಳು ಅನ್ನುವುದು ನನಗೆ ಆಗ ತಿಳಿಯಿತು. ಬರಹ, ಓವನ್ನು, ಹೆಸರು ಎಲ್ಲ ಅದರ ಮುಂದೆ ಎಲ್ಲೋ ಹೋದವು.

ಸಂಜೆಯ ಬಸ್ಸಿಗೆ ನಾಲ್ವರೂ ಮುದ್ದೇಬಿಹಾಳಕ್ಕೆ ಮರಳಿದೆವು. ಮಗ ನನ್ನ ತೊಡೆಯ ಮೇಲೆ, ಮಗಳು ಆಕೆಯ ತೊಡೆಯ ಮೇಲೆ. ದಾರಿಯುದ್ದಕ್ಕೂ ಮಗಳೊಬ್ಬಳೇ ಮಾತಾಡಿದಳು.

ಬೆಂಗಳೂರಿನವರಿಗೆ ಫೋನು ಮಾಡಿ, ಹೆಂಡತಿಯ ಹೆಸರು ಆಗುವುದಿಲ್ಲ, ಬೇಕಾದರೆ ನನ್ನ ಹೆಸರಿನಲ್ಲೇ ಬರೆಯುತ್ತೇನೆ ಅಂದೆ. ಅವರು ಯೋಚಿಸಿ, ನೋಡೋಣ ಸರ್, ಒಂದೆರಡು ಹಾಕಿ ನೋಡೋಣ ಅಂದರು. ಎರಡು ಬರಹ ಕಳಿಸಿದೆ. ಮೊದಲನೆಯದು ಬಂದ ದಿನ ಮಗಳನ್ನು ಕರೆದುಕೊಂಡು ಸೈಬರಿಗೆ ಹೋದೆ. ಅದು ತಾಯಂದಿರ ಪುಟದಲ್ಲಿ ಇರಲಿಲ್ಲ, ನಗೆಬರಹದ ವಿಭಾಗದಲ್ಲಿ ಇತ್ತು. ಮೇಲೆ ಒಂದು ಚಿತ್ರ ಬರೆಸಿದ್ದರು. ದೊಡ್ಡ ಮೀಸೆಯ ಗಂಡಸು, ಸೊಂಟಕ್ಕೆ ಸೀರೆಯ ಸೆರಗು ಸಿಕ್ಕಿಸಿಕೊಂಡಿದ್ದಾನೆ, ಕೈಯಲ್ಲಿ ಲಟ್ಟಣಿಗೆ, ಎರಡು ಮಕ್ಕಳು ಅವನ ತಲೆಯ ಮೇಲೆ ಹಿಟ್ಟು ಸುರಿಯುತ್ತಿವೆ. ನಾನು ಬರೆದದ್ದು ಮಗನಿಗೆ ಜ್ವರ ಬಂದಾಗ ಏನೂ ತಿನ್ನದವನು ಲಿಂಬಿ ಕೇಕಿನ ಒಂದು ಚೂರು ತಿಂದ ಬಗ್ಗೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

"ಅಪ್ಪಾ, ಇಂವ ಯಾರು?" ಅಂದಳು ಮಗಳು.

"ಯಾರೋ," ಅಂದೆ.

ಎರಡನೆಯ ಬರಹ ಬಂತೋ ಇಲ್ಲವೋ ನೋಡಲಿಲ್ಲ. ಮುಂದೆ ತಾಯಂದಿರ ಪುಟದಲ್ಲಿ ಬೇರೆ ಯಾರೋ ಒಬ್ಬ ತಾಯಿ ಬರೆಯುತ್ತಿದ್ದರು, ಚೆನ್ನಾಗಿಯೇ ಬರೆಯುತ್ತಿದ್ದರು. ನನ್ನ ಬ್ಲಾಗಿನಲ್ಲಿ ನಾನು ಮತ್ತೆ ಒಂದಷ್ಟು ದಿನ ಬರೆದೆ. ಓದುಗರು ಅಕ್ಕಾ ಅಂದಾಗ ಈಗ ತಿದ್ದುವ ಹುಮ್ಮಸ್ಸು ಇರಲಿಲ್ಲ. ಆಮೇಲೆ ಬರೆಯುವುದೇ ನಿಂತಿತು.

ಹೆಂಡತಿ ನನ್ನ ಮೇಲೆ ಸಿಟ್ಟಿನಲ್ಲಿ ಇರಲಿಲ್ಲ. ಇದ್ದಿದ್ದರೆ ಸುಲಭ ಆಗುತ್ತಿತ್ತು. ಒಂದು ದಿನ ಬೆಳಿಗ್ಗೆ ಚಾ ಕುಡಿಯುವಾಗ ಆಕೆ, "ನಿಮಗೊಂದು ಮಾತು ಕೇಳ್ಲೇನು?" ಅಂದಳು.

"ಕೇಳು."

"ಬೆಳಿಗ್ಗೆ ನಾ ಡ್ಯೂಟಿಗೆ ಹೋಗೂತನ ನೀವು ಮನ್ಯಾಗ ಇರಬ್ಯಾಡ್ರಿ. ಅವನ ಜಳಕಾ, ಉಣಸೂದು ನಾ ಮಾಡ್ತೇನಿ. ನೀವು ಇದ್ರ ಅಂವ ನನ್ನ ಹತ್ರ ಬರಂಗಿಲ್ಲ."

"ಅಳ್ತಾನಲ್ಲ."

"ಅಳ್ಲಿ. ಸಾಯಂಗಿಲ್ಲ ಅಳೂದ್ರಿಂದ. ನಾ ನರ್ಸ್ ಅದೇನಿ, ನಂಗ ಗೊತ್ತೈತಿ," ಅಂದಳು. ನಗಲು ನೋಡಿದಳು, ಆಗಲಿಲ್ಲ.

ಮರುದಿನದಿಂದ ನಾನು ಬೆಳಕು ಹರಿಯುತ್ತಲೇ ಶರ್ಟು ಹಾಕಿಕೊಂಡು ಹೊರಗೆ ಬೀಳುತ್ತಿದ್ದೆ. ಹೋಗುವ ಕೆಲಸ ಯಾವುದೂ ಇರಲಿಲ್ಲ. ಓಣಿಯ ಕೊನೆಗೆ ಒಂದು ಬೇವಿನ ಗಿಡ, ಅದರ ಕೆಳಗೆ ಹಾಳು ಬಿದ್ದ ಕಟ್ಟೆ. ಅಲ್ಲಿ ಕೂತರೆ ನಮ್ಮ ಮನೆಯ ಬಾಗಿಲು ಕಾಣುತ್ತಿರಲಿಲ್ಲ, ಅಳು ಮಾತ್ರ ಕೇಳುತ್ತಿತ್ತು. ಮಗ "ಅಪ್ಪಾ" ಅಂತ ಉಸಿರು ಕಟ್ಟುವ ಹಾಗೆ ಚೀರುತ್ತಿದ್ದ. ಒಂದೆರಡು ಸಲ ಎದ್ದು ನಾಲ್ಕು ಹೆಜ್ಜೆ ಹೋಗಿದ್ದೇನೆ, ಮತ್ತೆ ಬಂದು ಕೂತಿದ್ದೇನೆ. ಚಾದಂಗಡಿಯವರು ನೋಡಿ, "ಏನ್ರಿ, ಕೆಲಸ ಸಿಕ್ತೇನು? ಹೊತ್ತಿಗೆ ಸರಿಯಾಗಿ ಹೊಂಟೀರಿ," ಅಂದರು. ಹೌದ್ರಿ ಅಂದೆ. ಆಕೆ ಡ್ಯೂಟಿಗೆ ಹೋಗುವಾಗ ಗಿಡದ ಹತ್ತಿರ ಬಂದು ಮಗನನ್ನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು. ಮಗಳು ಹಿಂದೆ ಹಿಂದೆ. ಮಗನ ಕಣ್ಣು ಕೆಂಪಗೆ, ತಲೆಗೆ ಎಣ್ಣೆ ಹಚ್ಚಿ ಓರೆಯಾಗಿ ಬೈತಲೆ ತೆಗೆದಿರುತ್ತಿದ್ದಳು. ನಾನೆಂದೂ ಹಾಗೆ ಬಾಚಿದವನಲ್ಲ. ಆಕೆಯ ಮುಂಗೈ ಮೇಲೆ ಅವನು ಕಚ್ಚಿದ ಗುರುತು ಕೆಲವು ದಿನ ಇರುತ್ತಿತ್ತು.

ಎಷ್ಟು ದಿನ ಹೀಗೆ ನಡೆಯಿತೋ ನೆನಪಿಲ್ಲ. ಮಳೆಗಾಲ ಬಂದು, ಕಟ್ಟೆಯ ಮೇಲೆ ಕೂರಲಾಗದೆ ಛತ್ರಿ ಹಿಡಿದು ನಿಂತ ದಿನಗಳಿದ್ದವು. ಆಗಾಗ ಮಧ್ಯಾಹ್ನ ಮಕ್ಕಳ ಜೊತೆ ಕೇಕು ಮಾಡುತ್ತಿದ್ದೆ. ಆದರೆ ಮೊದಲಿನ ಹಾಗೆ ಅಡುಗೆಮನೆಯ ನೆಲದ ಮೇಲೆ ಉರುಳಾಡಿ ನಗುವುದಿರಲಿಲ್ಲ. ನಾನು ನಕ್ಕರೆ ಮಗ ಇನ್ನಷ್ಟು ನನ್ನವನಾಗುತ್ತಾನೆಂಬ ಹೆದರಿಕೆ. ಅವನು ತೊಡೆ ಏರಲು ಬಂದರೆ ಒಂದು ಗಳಿಗೆ ತಡೆದು ಎತ್ತಿಕೊಳ್ಳುತ್ತಿದ್ದೆ. ಅವನಿಗೆ ಅದೇನು ತಿಳಿಯಿತೋ, ಕೆಲವು ಸಲ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ.

ತಹಶೀಲ್ದಾರ ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯ ಹುಡುಗ ಬೇರೆ ಊರಿಗೆ ಹೋದ ಮೇಲೆ ಅಲ್ಲಿ ನನ್ನನ್ನು ಕರೆದರು. ಹೊಲದ ಉತಾರೆಯ ಅರ್ಜಿ, ಜಾತಿ ಪ್ರಮಾಣಪತ್ರದ ಅರ್ಜಿ, ಬಾಂಡಿನ ಬರಹ. ಮಗ ಅಷ್ಟರಲ್ಲಿ ಬಾಲವಾಡಿಗೆ ಹೋಗುವಷ್ಟು ದೊಡ್ಡವನಾಗಿದ್ದ. ಆ ಕೆಲಸ ಶುರುವಾಗುವ ಕೆಲವು ದಿನ ಮೊದಲು, ಒಂದು ಬೆಳಿಗ್ಗೆ ನಾನು ಗಿಡದ ಕೆಳಗೆ ಕೂತಿದ್ದೆ. ಅಳು ಕೇಳಿಸಲಿಲ್ಲ. ಇನ್ನೂ ಎದ್ದಿಲ್ಲವೇನೋ ಅಂದುಕೊಂಡೆ. ಬಹಳ ಹೊತ್ತಾದರೂ ಇಲ್ಲ. ಎದ್ದು ಮೆಲ್ಲಗೆ ಮನೆಯ ಹಿಂದಿನಿಂದ ಬಂದು ಬಚ್ಚಲ ಕಿಟಕಿಯ ಜಾಲರಿಯ ಹತ್ತಿರ ನಿಂತೆ. ಒಳಗೆ ನೀರು ಸುರಿಯುತ್ತಿತ್ತು. ಹೆಂಡತಿ ಏನೋ ಕೇಳುತ್ತಿದ್ದಳು, ಮಗ ತೊದಲುತ್ತ ಉತ್ತರ ಕೊಡುತ್ತಿದ್ದ. ಇಬ್ಬರೂ ಒಮ್ಮೆಲೇ ನಕ್ಕರು. ನನಗೆ ಏನಕ್ಕೆ ನಕ್ಕರೆಂದು ತಿಳಿಯಲಿಲ್ಲ.

ಒಳಗೆ ಹೋಗಲೇ ಅನ್ನಿಸಿತು. ಹೋಗಲಿಲ್ಲ. ಬಂದ ದಾರಿಯಲ್ಲೇ ತಿರುಗಿ, ಅವರಿಗೆ ಸಪ್ಪಳ ಕೇಳಿಸದ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದೆ.